ಘಟ್ಟದ ಮೇಲೂ ಕೆಳಗೂ ಮೌಂಟನ್ ಬೈಕ್: ಬಿಸಿಲಿನಿಂದ ಚರ್ಮ ಕಾಯುವ ಸಮಗ್ರ ಮಾರ್ಗದರ್ಶಿ

ಬಿಸಿಲಿನ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಯಾವ ಸನ್‌ಸ್ಕ್ರೀನ್ ಒಳ್ಳೆಯದು ಎಂದು. ಸೈಕಲ್ ಹೊಡೆಯುವವರ ಮಟ್ಟಿಗೆ ಅದು ಮೂರನೇ ಪ್ರಶ್ನೆ. ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಹೊರಡುತ್ತೀರಿ ಎಂಬುದು ಮೊದಲನೆಯದು. ಮೈಮೇಲೆ ಏನು ಹಾಕಿಕೊಂಡಿದ್ದೀರಿ ಎಂಬುದು ಎರಡನೆಯದು. ಇವೆರಡನ್ನು ಸರಿಮಾಡಿಕೊಂಡರೆ ಕ್ರೀಮು ಬೇಕಾಗುವುದು ಮುಖ, ಕಿವಿ, ಕುತ್ತಿಗೆಗಳಿಗೆ ಮಾತ್ರ. ಇವೆರಡೂ ತಪ್ಪಿದರೆ ಎಷ್ಟು ದುಬಾರಿ ಕ್ರೀಮು ಬಳಿದರೂ ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟದ ಅರ್ಧ ದಾರಿಯಲ್ಲೇ ಬೆವರಿನ ಜೊತೆ ಇಳಿದುಹೋಗುತ್ತದೆ.

ಹೊತ್ತು ಲೆಕ್ಕ ಹಾಕುವುದು

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಶಿರಸಿ 14.6ರಲ್ಲಿ. ಹೀಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ: ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲಿ ಇನ್ನೊಮ್ಮೆ. ಏಪ್ರಿಲಿನದು ಎಲ್ಲರಿಗೂ ಗೊತ್ತು. ಆಗಸ್ಟಿನದು ಮಳೆಮೋಡದ ಹಿಂದೆ ಅಡಗಿರುತ್ತದೆ. ದಟ್ಟ ಮೋಡವಿರುವಷ್ಟು ದಿನ ಚಿಂತೆಯಿಲ್ಲ. ಆದರೆ ನಾಲ್ಕು ದಿನ ಹೊಳವು ಬಿದ್ದು ಆಕಾಶ ತೊಳೆದಿಟ್ಟಂತಾದಾಗ ಬೀಳುವ ಬಿಸಿಲು ಏಪ್ರಿಲಿನದಕ್ಕೆ ಸಮ. ಗಾಳಿ ತಂಪಾಗಿರುವುದರಿಂದ ಅದು ಗೊತ್ತೇ ಆಗುವುದಿಲ್ಲ. ತೆಳು ಮೋಡವನ್ನೂ ನಂಬಬೇಡಿ. ಅತಿನೇರಳೆ ಕಿರಣದ ಬಹುಪಾಲು ಅದನ್ನು ದಾಟಿಕೊಂಡೇ ಬರುತ್ತದೆ.

ಗಡಿಯಾರ, ಆ್ಯಪ್ ಏನೂ ಇಲ್ಲದಿದ್ದರೆ ನೆರಳು ನೋಡಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಚರ್ಮ ಮುಚ್ಚಲೇಬೇಕು. ಇಲ್ಲಿ ಡಿಸೆಂಬರ್ 21ರ ನಡುಹಗಲಲ್ಲೂ ಸೂರ್ಯ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ, 170 ಸೆಂಟಿಮೀಟರ್ ಎತ್ತರದವರ ನೆರಳು 135 ಸೆಂಟಿಮೀಟರ್ ಮಾತ್ರ. ‘ಚಳಿಗಾಲದಲ್ಲಿ ಏನೂ ಬೇಡ’ ಎನ್ನುವ ಮಾತು ಯುರೋಪಿಗೆ ಸರಿ, ನಮ್ಮ ಜಿಲ್ಲೆಗಲ್ಲ.

‘ಹತ್ತರಿಂದ ನಾಲ್ಕರವರೆಗೆ ಹೊರಗೆ ಬೇಡ’ ಎಂಬ ಸಾಮಾನ್ಯ ಸೂತ್ರವನ್ನೂ ಸ್ವಲ್ಪ ತಿದ್ದಬೇಕು. ಭಾರತದ ಗಡಿಯಾರ ಇರುವುದು 82.5 ಡಿಗ್ರಿ ರೇಖಾಂಶಕ್ಕೆ. ಕಾರವಾರ ಅದಕ್ಕಿಂತ ಎಂಟು ಡಿಗ್ರಿ ಪಶ್ಚಿಮಕ್ಕಿದೆ. ಆದ್ದರಿಂದ ನಮ್ಮ ನಿಜವಾದ ನಡುಹಗಲು ಸರಾಸರಿ 12:33ಕ್ಕೆ. ನವೆಂಬರ್ ಮೊದಲಲ್ಲಿ ಅದು 12:17ರ ಸುಮಾರಿಗೆ ಆದರೆ ಫೆಬ್ರವರಿ ನಡುವೆ 12:48ರವರೆಗೂ ಜರಗುತ್ತದೆ. ಬೆಳಿಗ್ಗೆ ಬೇಗ ಹೊರಡುವವರಿಗೆ ಇದರಿಂದ ಅರ್ಧ ಗಂಟೆ ಲಾಭ, ಮಧ್ಯಾಹ್ನ ಬೇಗ ಹೊರಡುವವರಿಗೆ ಅಷ್ಟೇ ನಷ್ಟ. ಮಾರ್ಚ್ ಕೊನೆ, ಏಪ್ರಿಲಿನಲ್ಲಿ ನೆರಳು ನಿಮ್ಮಷ್ಟೇ ಉದ್ದವಾಗುವುದು ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ, ಮತ್ತೆ ಮಧ್ಯಾಹ್ನ ಮೂರೂವರೆಯ ನಂತರ. ಆರು ಗಂಟೆಗೆ ಪೆಡಲ್ ತುಳಿಯಲು ಶುರುಮಾಡಿದರೆ ಮೂರೂವರೆ ಗಂಟೆಯ ಸವಾರಿಗೆ ಕ್ರೀಮಿನ ಹಂಗು ತೀರಾ ಕಡಿಮೆ. ಎಂಟಕ್ಕೆ ತಿಂಡಿ ತಿಂದು ಹೊರಟರೆ ಅಷ್ಟೇ ಹೊತ್ತಿನ ಸವಾರಿಯ ಅರ್ಧಕ್ಕಿಂತ ಹೆಚ್ಚು ಸುಡುಬಿಸಿಲಿನಲ್ಲಿ.

ಫೋನಿನ ಹವಾಮಾನ ಆ್ಯಪ್‌ನಲ್ಲಿ ಯುವಿ, ಅಂದರೆ ಅತಿನೇರಳೆ ಕಿರಣದ, ಸೂಚ್ಯಂಕ ಸಿಗುತ್ತದೆ. 3 ದಾಟಿದರೆ ರಕ್ಷಣೆ ಬೇಕು, 8ರಿಂದ 10 ಅತಿ ಹೆಚ್ಚು, 11ರ ಮೇಲೆ ವಿಪರೀತ. ಮಾರ್ಚ್‌ನಿಂದ ಮೇವರೆಗಿನ ನಿಚ್ಚಳ ನಡುಹಗಲಿನಲ್ಲಿ ನಮ್ಮ ಕರಾವಳಿ 11ನ್ನು ಮುಟ್ಟುವುದು ಮಾಮೂಲು. ಘಟ್ಟದ ಮೇಲೆ ಏನೂ ಕಡಿಮೆಯಿಲ್ಲ. ಸಾವಿರ ಮೀಟರ್ ಏರಿದರೆ ಅತಿನೇರಳೆ ಕಿರಣ ಸುಮಾರು ಹತ್ತನೇ ಒಂದು ಭಾಗ ಹೆಚ್ಚುತ್ತದೆ, ಶಿರಸಿ 600 ಮೀಟರಿನ ಹತ್ತಿರವಿದೆ. ವ್ಯತ್ಯಾಸ ಸಣ್ಣದು. ಶಿರಸಿಯಲ್ಲಿ ಮೋಸ ಮಾಡುವುದು ಎತ್ತರವಲ್ಲ, ತಣ್ಣನೆ ಗಾಳಿ.

ದಿಕ್ಕು: ಸುಟ್ಟ ಎಡಗೈಯ ಲೆಕ್ಕ

ಇದನ್ನು ಯಾರೂ ಯೋಚಿಸುವುದಿಲ್ಲ, ಆದರೆ ಕಾಸು ಖರ್ಚಿಲ್ಲದ ಉಪಾಯ. ಕರಾವಳಿಯ ದಾರಿಗಳೆಲ್ಲ ಹೆಚ್ಚುಕಡಿಮೆ ಉತ್ತರ–ದಕ್ಷಿಣ. ಬೆಳಿಗ್ಗೆ ಕಾರವಾರದಿಂದ ಗೋಕರ್ಣದ ಕಡೆ ಹೊರಟರೆ ಪೂರ್ವದ ಬಿಸಿಲು ಎಡಕ್ಕೆ. ಮಧ್ಯಾಹ್ನ ಮೇಲೆ ವಾಪಸು ಬರುವಾಗ ಸೂರ್ಯ ಪಶ್ಚಿಮಕ್ಕೆ ಹೋಗಿರುತ್ತಾನೆ, ಅದೂ ಎಡಕ್ಕೇ. ಒಂದೇ ಕೈ, ಒಂದೇ ಕಿವಿ, ಒಂದೇ ಮೀನಖಂಡಕ್ಕೆ ಎರಡೂ ಹೊತ್ತಿನ ಬಿಸಿಲು. ಗೋಕರ್ಣದಿಂದ ಕಾರವಾರಕ್ಕೆ ಬಂದು ಮರಳುವವರಿಗೆ ಇದೇ ಪಾಡು ಬಲಗಡೆಗೆ. ಪರಿಹಾರ ಸುಲಭ: ಆ ಬದಿಗೆ ಕ್ರೀಮು ಎರಡು ಸಲ ಹಚ್ಚಿ, ಅಥವಾ ಮರಳುವಾಗ ಕುಮಟಾ, ಅಂಕೋಲಾದಲ್ಲಿ ರೈಲು ಹತ್ತಿ.

ಘಟ್ಟದ ದಾರಿಯಲ್ಲಿ ಲೆಕ್ಕ ಬೇರೆ. ಕುಮಟಾದಿಂದ ದೇವಿಮನೆ ಏರಿ ಶಿರಸಿಗೆ ಬೆಳಿಗ್ಗೆ ಹೊರಟರೆ ಸೂರ್ಯ ಮುಖಕ್ಕೆ, ಸಂಜೆ ಇಳಿಯುವಾಗಲೂ ಮುಖಕ್ಕೆ. ಶಿರಸಿಯಿಂದ ಬೆಳಿಗ್ಗೆ ಇಳಿದು ಸಂಜೆ ಏರುವವರಿಗೆ ಎರಡೂ ಸಲ ಬಿಸಿಲು ಬೆನ್ನಿಗೆ, ಅಂದರೆ ಬಟ್ಟೆ ಮುಚ್ಚಿದ ಜಾಗಕ್ಕೆ. ಅವರು ಕಾಯಬೇಕಾದ್ದು ಹಿಂಗುತ್ತಿಗೆ ಮತ್ತು ಮೀನಖಂಡ. ಯಾಣ, ವಿಭೂತಿ ಕಡೆ ಹೋಗುವವರೂ ಇದೇ ಲೆಕ್ಕ ಹಿಡಿಯಬಹುದು.

ನೆರಳಿನ ವಿಷಯ. ಕತ್ತಲೆಕಾನಿನಂಥ ನಿತ್ಯಹಸುರು ಕಾನು ವರ್ಷವಿಡೀ ನೆರಳು ಕೊಡುತ್ತದೆ. ಅಡಿಕೆ ತೋಟದ ನೆರಳೂ ಚೆನ್ನಾಗಿದೆ, ಆದರೆ ಬಿಸಿಲಕೋಲುಗಳು ಒಳಗಿಳಿಯುತ್ತಲೇ ಇರುತ್ತವೆ. ಕೊಂಬೆ ಕಡಿದ ಸೊಪ್ಪಿನ ಬೆಟ್ಟವನ್ನು ಅರ್ಧ ನೆರಳೆಂದು ಲೆಕ್ಕ ಹಾಕಿ. ಮೋಸ ಹೋಗುವುದು ಯಲ್ಲಾಪುರ, ಮುಂಡಗೋಡ, ಹಳಿಯಾಳದ ಸಾಗುವಾನಿ ಕಾಡಿನಲ್ಲಿ. ಬಿಸಿಲು ಏರುವ ಫೆಬ್ರವರಿ–ಮಾರ್ಚ್‌ನಲ್ಲೇ ಅಲ್ಲಿ ಎಲೆ ಉದುರಿ ಕಾಡು ಬೋಳಾಗುತ್ತದೆ. ನಕ್ಷೆಯಲ್ಲಿ ಹಸಿರು ಕಂಡಿತೆಂದು ಕೈ ಬಿಟ್ಟುಕೊಂಡು ಹೋಗಬೇಡಿ. ಇನ್ನು ಗೋಕರ್ಣದ ಕುಡ್ಲೆ, ಓಂ, ಹಾಫ್‌ಮೂನ್ ಕಡಲತೀರಗಳ ನಡುವಿನ ಜಂಬಿಟ್ಟಿಗೆ ಗುಡ್ಡಗಳ ನೆತ್ತಿಯಲ್ಲಿ ನೆರಳೆಂಬುದೇ ಅಪರೂಪ. ಕೆಳಗೆ ಕಡಲತೀರಕ್ಕೆ ಇಳಿದರೆ ಒಣ ಮರಳು ಸುಮಾರು 15 ಶೇಕಡ, ಅಲೆಯ ನೊರೆ 25 ಶೇಕಡದಷ್ಟು ಅತಿನೇರಳೆಯನ್ನು ಕೆಳಗಿನಿಂದ ಎರಚುತ್ತವೆ. ಗದ್ದದ ಅಡಿ, ಮೂಗಿನ ಅಡಿ ಸುಡುವುದು ಹೀಗೆ. ಹೆಲ್ಮೆಟ್ಟಿನ ಮುಂಚಾಚು ಅಲ್ಲಿ ಉಪಯೋಗಕ್ಕಿಲ್ಲ.

(ಕಾಡಿನ ಒಳದಾರಿ ಹಿಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಕೇಳಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಸೈಕಲ್ಲಿಗೆ ತೆರೆದ ಬಯಲಲ್ಲ.)

ಬಟ್ಟೆ

ಅಂಗಿ ಕೊಳ್ಳುವಾಗ ನೋಡಬೇಕಾದ್ದು ಯುಪಿಎಫ್ ಸಂಖ್ಯೆ. ಯುಪಿಎಫ್ 50 ಎಂದರೆ ಅತಿನೇರಳೆಯ ಐವತ್ತನೇ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ತೆಳು ಬಿಳಿ ಹತ್ತಿ ಟೀ ಶರ್ಟಿನದು 5ರಿಂದ 7ರ ಆಸುಪಾಸು, ಬೆವರಿಗೆ ಒದ್ದೆಯಾದರೆ ಇನ್ನೂ ಕಡಿಮೆ. ಕಾರವಾರದ ಸೆಕೆಯಲ್ಲಿ ಹದಿನೈದು ನಿಮಿಷಕ್ಕೆ ಅದು ಒದ್ದೆಯಾಗಿಯೇ ಆಗುತ್ತದೆ. ಆದ್ದರಿಂದ ಹತ್ತಿ ಬೇಡ. ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಅಥವಾ ನೈಲಾನ್ ತುಂಬುತೋಳಿನ ಜರ್ಸಿ ಬೇಕು. ಲೇಬಲ್ ಇಲ್ಲದಿದ್ದರೆ ಬಟ್ಟೆಯನ್ನು ಬಲ್ಬಿಗೆ ಹಿಡಿದು ನೋಡಿ. ಎಳೆಗಳ ನಡುವೆ ಬೆಳಕು ಚುಕ್ಕೆಚುಕ್ಕೆಯಾಗಿ ಕಂಡರೆ ಬಿಡಿ.

ಅಳತೆ ಒಂದು ಸೈಜ್ ಸಡಿಲ ಇರಲಿ. ಬಟ್ಟೆ ಎಳೆದುಕೊಂಡಷ್ಟೂ ಎಳೆಗಳು ಬಿಡಿಸಿಕೊಂಡು ಕಿರಣ ನುಗ್ಗುತ್ತದೆ, ಹೆಗಲು ಮತ್ತು ಮೊಣಕೈ ಮೇಲೆ ಇದು ಹೆಚ್ಚು. ಸಡಿಲವಿದ್ದರೆ ಗಾಳಿಯೂ ಆಡುತ್ತದೆ. ಗಾಢ ಬಣ್ಣ ಹೆಚ್ಚು ಕಿರಣ ತಡೆಯುತ್ತದೆ ಎಂಬುದು ನಿಜ, ಆದರೆ ಏಪ್ರಿಲಿನಲ್ಲಿ ಕಪ್ಪು ಜರ್ಸಿ ಹಾಕಿ ಘಟ್ಟ ಏರುವುದು ಬುದ್ಧಿವಂತಿಕೆಯಲ್ಲ. ಯುಪಿಎಫ್ 50 ಇರುವ ತಿಳಿನೀಲಿ, ಬೂದು ಸಾಕು. ಬದಿಯಲ್ಲಿ ಜಾಲರಿ ಇದ್ದರೆ ತೊಂದರೆಯಿಲ್ಲ, ಬೆನ್ನಿನ ಮೇಲ್ಭಾಗದಲ್ಲಿ ಇರಬಾರದು. ಮುಂದಕ್ಕೆ ಬಾಗಿ ಕೂತಾಗ ಆಕಾಶ ನೋಡುವುದು ಅದೇ ಜಾಗ. ಬಾಗಿದಾಗ ಜರ್ಸಿ ಮೇಲೇರಿ ಸೊಂಟದಲ್ಲಿ ಎರಡು ಬೆರಳು ಚರ್ಮ ಕಾಣುತ್ತದೆಯೇ ಎಂದು ಅಂಗಡಿಯಲ್ಲೇ ಕೂತು ನೋಡಿ.

ಅರ್ಧತೋಳಿನ ಜರ್ಸಿ ಈಗಾಗಲೇ ಇದ್ದರೆ ಪ್ರತ್ಯೇಕ ತೋಳುಪಟ್ಟಿ, ಅಂಗಡಿಯವರ ಭಾಷೆಯಲ್ಲಿ ಸ್ಲೀವ್, ಕೊಳ್ಳಬಹುದು. ಎರಡು ಕಡೆ ಅದು ಕೈಕೊಡುತ್ತದೆ. ಮೇಲೆ ರಟ್ಟೆಯಿಂದ ಜಾರಿ ಜರ್ಸಿಗೂ ಅದಕ್ಕೂ ನಡುವೆ ಬಿರುಕು ಬಿಡುತ್ತದೆ, ಕೆಳಗೆ ಮಣಿಕಟ್ಟಿನಲ್ಲಿ ಗ್ಲೌಸ್‌ಗೂ ಅದಕ್ಕೂ ಎರಡು ಸೆಂಟಿಮೀಟರ್ ಖಾಲಿ ಉಳಿಯುತ್ತದೆ. ಆ ಎರಡು ಪಟ್ಟೆಗಳೇ ಅತಿ ಕೆಟ್ಟದಾಗಿ ಸುಡುವುದು. ತೋಳುಪಟ್ಟಿಯ ತುದಿ ಗ್ಲೌಸ್‌ನ ಒಳಗೆ ಹೋಗಲಿ. ಒಳಗಿನ ರಬ್ಬರ್ ಪಟ್ಟಿ ಹಿಡಿಯಬೇಕಾದರೆ ಆ ಜಾಗಕ್ಕೆ ಕ್ರೀಮು ಹಚ್ಚಬೇಡಿ.

ಗ್ಲೌಸ್ ತುಂಬು ಬೆರಳಿನದೇ ಇರಲಿ. ಅರ್ಧ ಬೆರಳಿನದಾದರೆ ಬೆರಳಿಗೆ ಪದೇಪದೇ ಕ್ರೀಮು ಬೇಕು, ಕ್ರೀಮಿನ ಬೆರಳಲ್ಲಿ ಬ್ರೇಕ್ ಲಿವರ್ ಜಾರುತ್ತದೆ.

ಹೆಲ್ಮೆಟ್ಟಿನ ಗಾಳಿಕಿಂಡಿಗಳ ಮೂಲಕವೂ ನೆತ್ತಿ ಸುಡುತ್ತದೆ. ಕೂದಲು ತೆಳುವಾದವರ ಬುರುಡೆಯಲ್ಲಿ ಕಿಂಡಿಯ ಆಕಾರವೇ ಅಚ್ಚೊತ್ತುವುದುಂಟು. ತೆಳು ಟೋಪಿ ಒಳಗೆ ಹಾಕಿದರೆ ಮುಗಿಯಿತು, ಬೆವರು ಕಣ್ಣಿಗಿಳಿಯುವುದೂ ತಪ್ಪುತ್ತದೆ. ಟೋಪಿ ಹಾಕಿದ ಮೇಲೆ ಹೆಲ್ಮೆಟ್ಟಿನ ಹಿಂದಿನ ಗಾಲಿ ತಿರುಗಿಸಿ ಬಿಗಿತ ಮತ್ತೆ ಹೊಂದಿಸಿ. ಕುತ್ತಿಗೆಗೆ ಕೊಳವೆಯಾಕಾರದ ಬಫ್ ಒಳ್ಳೆಯದು. ಹೆಗಲ ಮೇಲಿನ ಪಂಜಿಯನ್ನೇ ಸುತ್ತಿಕೊಳ್ಳುವವರಿದ್ದಾರೆ, ಡಾಂಬರು ರಸ್ತೆಯಲ್ಲಿ ನಿಧಾನ ಹೋಗುವಾಗ ಅದೂ ನಡೆಯುತ್ತದೆ. ಕಾಡುದಾರಿಯ ಇಳಿಜಾರಿನಲ್ಲಿ ಮಾತ್ರ ಬೇಡ, ತುದಿ ಕೊಂಬೆಗೆ ಸಿಕ್ಕಿದರೆ ಕುತ್ತಿಗೆಗೆ ಬರುತ್ತದೆ.

ಕಾಲಿಗೆ ಚಡ್ಡಿ ಹಾಕಿದರೆ ಮೀನಖಂಡ ಮತ್ತು ಮೊಣಕಾಲಿನ ಹಿಂಭಾಗ ತೆರೆದಿರುತ್ತದೆ. ತೆಳು ಟೈಟ್ಸ್ ಅಥವಾ ಕಾಲುಪಟ್ಟಿಯೇ ನಮ್ಮ ಸಲಹೆ, ಕಾರಣ ಮುಂದೆ ಉಣ್ಣೆಯ (ರಕ್ತ ಹೀರುವ ಉಣುಗು ಹುಳದ) ವಿಷಯದಲ್ಲಿ ಬರುತ್ತದೆ. ಕನ್ನಡಕದ ಮೇಲೆ ಯುವಿ 400 ಎಂದಿರಲಿ. ಗಾಜಿನ ಬಣ್ಣ ಗಾಢವಾದಷ್ಟೂ ರಕ್ಷಣೆ ಹೆಚ್ಚು ಎಂಬುದು ತಪ್ಪು ತಿಳಿವಳಿಕೆ, ಪಾರದರ್ಶಕ ಪಾಲಿಕಾರ್ಬೊನೇಟ್ ಕೂಡ ಅತಿನೇರಳೆ ತಡೆಯುತ್ತದೆ. ಬಯಲಿನಿಂದ ಒಮ್ಮೆಲೇ ಕಾನಿನೊಳಗೆ ನುಗ್ಗಿದಾಗ ಕಡುಗಪ್ಪು ಗಾಜಿನಲ್ಲಿ ಬೇರು ಕಾಣುವುದಿಲ್ಲ. ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಗಾಜೂ ತಿಳಿಯಾಗಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತದೆ. ತಿಳಿ ಕಂದು ಗಾಜು ಎರಡಕ್ಕೂ ಆಗುತ್ತದೆ.

ಕ್ರೀಮು: ಎಷ್ಟು, ಎಲ್ಲಿ, ಹೇಗೆ

ಎಸ್‌ಪಿಎಫ್ 50, ಪಿಎ++++, ವಾಟರ್ ರೆಸಿಸ್ಟೆಂಟ್. ಲೇಬಲ್ಲಿನಲ್ಲಿ ಈ ಮೂರು ಇರಲಿ. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಚರ್ಮ ಸುಡುವ ಯುವಿಬಿ ಬಗ್ಗೆ. ಕಪ್ಪಾಗಿಸುವ, ಬಂಗು ತರಿಸುವ ಯುವಿಎ ಬಗ್ಗೆ ಹೇಳುವುದು ಪಿಎ ಪಕ್ಕದ ಕೂಡು ಚಿಹ್ನೆಗಳು. ನಮ್ಮ ಕಂದು ಚರ್ಮಕ್ಕೆ ಎರಡನೆಯದೇ ಹೆಚ್ಚು ಮುಖ್ಯ. 30ರ ಕ್ರೀಮು ಸುಮಾರು 97 ಶೇಕಡ, 50ರದ್ದು 98 ಶೇಕಡ ಯುವಿಬಿ ತಡೆಯುತ್ತದೆ. ಅಂದಮೇಲೆ 50ಕ್ಕಿಂತ ಮೇಲಿನ ಸಂಖ್ಯೆಗೆ ಹೆಚ್ಚು ದುಡ್ಡು ಕೊಡುವುದು ವ್ಯರ್ಥ.

ಈ ಶೇಕಡಗಳೆಲ್ಲ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದವು. ಬಹುತೇಕರು ಅದರ ಅರ್ಧವೂ ಹಚ್ಚುವುದಿಲ್ಲ, ಕೆಲಸ ಕೆಡುವುದು ಇಲ್ಲಿಯೇ. ಮುಖಕ್ಕೂ ಮುಂಗುತ್ತಿಗೆಗೂ ತೋರುಬೆರಳು, ನಡುಬೆರಳಿನ ಬುಡದಿಂದ ತುದಿವರೆಗೆ ಎರಡು ಗೆರೆ. ಕಿವಿ ಮತ್ತು ಹಿಂಗುತ್ತಿಗೆಗೆ ಇನ್ನೊಂದು ಗೆರೆ. ಮೊಣಕಾಲಿನಿಂದ ಹಿಮ್ಮಡಿವರೆಗೆ ಕಾಲೊಂದಕ್ಕೆ ಒಂದು ಟೀ ಚಮಚ. ತೋಳು ಪೂರ್ತಿ ಬಿಟ್ಟಿದ್ದರೆ ಒಂದೊಂದಕ್ಕೆ ಒಂದು ಚಮಚ. ಚಡ್ಡಿ, ಅರ್ಧತೋಳಿನಲ್ಲಿ ಹೋಗುವವರಿಗೆ ಒಂದು ಸಲಕ್ಕೇ 25 ಮಿಲಿಲೀಟರ್ ಹತ್ತಿರ ಬೇಕು, 50 ಮಿಲಿಲೀಟರಿನ ಟ್ಯೂಬ್ ಒಂದೇ ಸವಾರಿಗೆ ಖಾಲಿ. ಮೈ ಮುಚ್ಚಿಕೊಂಡವರಿಗೆ 7 ಮಿಲಿಲೀಟರ್ ಸಾಕು. ತುಂಬುತೋಳಿನ ಜರ್ಸಿಯ ಬೆಲೆ ಒಂದೇ ಹಂಗಾಮಿನಲ್ಲಿ ವಸೂಲಾಗುತ್ತದೆ.

ಕ್ರಮ ಹೀಗಿರಲಿ:

1. ಹೊರಡುವ 20 ನಿಮಿಷ ಮೊದಲು, ಸೈಕಲ್ ಮುಟ್ಟುವ ಮುಂಚೆ, ಒಣ ಚರ್ಮಕ್ಕೆ ಹಚ್ಚಿ. ಒಮ್ಮೆಲೇ ಸುರಿದುಕೊಳ್ಳದೆ ಎರಡು ಪದರವಾಗಿ, ನಡುವೆ ಐದು ನಿಮಿಷ ಬಿಟ್ಟು.

2. ಹಣೆಗೆ ಹುಬ್ಬಿನಿಂದ ಒಂದು ಬೆರಳು ಮೇಲಕ್ಕೇ ನಿಲ್ಲಿಸಿ. ಹೆಲ್ಮೆಟ್ಟಿನ ಮೆತ್ತೆ ಒತ್ತಿ ಬೆವರಿನ ಜೊತೆ ಕ್ರೀಮು ಕಣ್ಣಿಗಿಳಿಯುತ್ತದೆ. ಆವೊಬೆಂಜೋನ್‌ನಂಥ ರಾಸಾಯನಿಕ ಫಿಲ್ಟರ್ ಇರುವ ಕ್ರೀಮು ಕಣ್ಣಿಗೆ ಬಿದ್ದರೆ ಇಳಿಜಾರಿನಲ್ಲಿ ಕಣ್ಣುಮುಚ್ಚಿಕೊಂಡು ಬ್ರೇಕ್ ಹಿಡಿಯಬೇಕಾದೀತು. ಹಣೆ, ಮೂಗು, ಕಣ್ಣಿನ ಸುತ್ತ ಜಿಂಕ್ ಆಕ್ಸೈಡ್ ಇರುವ ಕಡ್ಡಿ, ಅಂದರೆ ಸ್ಟಿಕ್, ಬಳಸಿ. ಬೆಳ್ಳಗೆ ಕಾಣುತ್ತದೆ, ಕಾಣಲಿ.

3. ಕಿವಿಯ ಮೇಲಂಚು ಮತ್ತು ಹಿಂಭಾಗ, ಹೆಲ್ಮೆಟ್ ಪಟ್ಟಿಯ ಅಡಿ, ಗದ್ದದ ಅಡಿ, ಮೊಣಕಾಲಿನ ಹಿಂಬದಿ. ಮರೆಯುವ ಜಾಗಗಳು ಇವೇ. ತುಟಿಗೆ ಎಸ್‌ಪಿಎಫ್ 30ರ ಬಾಮ್.

4. ಮೊಣಕಾಲು ಪ್ಯಾಡ್ ಕೂರುವ ಜಾಗಕ್ಕೆ ಹಚ್ಚಬೇಡಿ, ಪ್ಯಾಡ್ ಜಾರುತ್ತದೆ.

5. ಅಂಗೈಯನ್ನು ಸೋಪು ಹಾಕಿ ತೊಳೆಯಿರಿ. ಆಮೇಲೆ ಗ್ಲೌಸ್.

ಐದನೆಯದು ಚರ್ಮದ ವಿಷಯವಲ್ಲ, ಬ್ರೇಕಿನ ವಿಷಯ. ಕ್ರೀಮು ಅಂಟಿದ ಬೆರಳು ಚಕ್ರದ ಬ್ರೇಕ್ ಡಿಸ್ಕಿಗೆ ತಾಗಿದರೆ ಎಣ್ಣೆಯಂಶ ಬ್ರೇಕ್ ಪ್ಯಾಡಿಗೆ ಹೀರಿಕೊಂಡು ಬ್ರೇಕ್ ಕಿರುಚುತ್ತದೆ, ಹಿಡಿತ ಬಿಡುತ್ತದೆ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಬಹುದು, ಎಣ್ಣೆ ಕುಡಿದ ಪ್ಯಾಡನ್ನು ಬಹುತೇಕ ಬದಲಿಸಲೇಬೇಕು. ಸ್ಪ್ರೇ ಸನ್‌ಸ್ಕ್ರೀನನ್ನು ಸೈಕಲ್ ಪಕ್ಕ ನಿಂತು ಹೊಡೆದುಕೊಳ್ಳುವುದು ಇನ್ನೂ ಕೆಟ್ಟದ್ದು. ಕಡಲಗಾಳಿಗೆ ಅರ್ಧ ಹಾರಿಹೋಗುತ್ತದೆ, ಉಳಿದದ್ದರಲ್ಲಿ ಒಂದಿಷ್ಟು ಡಿಸ್ಕಿನ ಮೇಲೆ.

ಕೊಬ್ಬರಿ ಎಣ್ಣೆ, ಮುರುಗಲ ತುಪ್ಪ ಇವು ಸನ್‌ಸ್ಕ್ರೀನ್ ಅಲ್ಲ. ಮುರುಗಲ ತುಪ್ಪ ಒಡೆದ ತುಟಿಗೆ, ಹಿಮ್ಮಡಿಗೆ ರಾತ್ರಿ ಹಚ್ಚಲು ಬಲು ಚೆಂದ. ಬಿಸಿಲಿಗೆ ಅದನ್ನು ನಂಬಿ ಹೊರಡಬೇಡಿ.

ದಾರಿಯ ನಡುವೆ ಮತ್ತೆ ಹಚ್ಚುವುದು

ಎರಡು ಗಂಟೆಗೊಮ್ಮೆ ಎಂಬುದು ಕೂತವರಿಗೆ. ವಾಟರ್ ರೆಸಿಸ್ಟೆಂಟ್ ಎಂಬ ಮಾತಿನ ಅರ್ಥ 40 ಇಲ್ಲವೇ 80 ನಿಮಿಷ ನೀರಿಗೆ ತಡೆಯುತ್ತದೆ ಎಂದಷ್ಟೇ. ಕರಾವಳಿಯ ಸೆಕೆಯಲ್ಲಿ ಏರುವವರು ಗಂಟೆ–ಗಂಟೆಕಾಲಿಗೊಮ್ಮೆ ಹಚ್ಚಬೇಕು. ಘಟ್ಟ ಏರಿ ಮುಗಿದು ಇಳಿಯುವ ಮುನ್ನ ನಿಲ್ಲುವುದು ಸರಿಯಾದ ಜಾಗ: ಬೆವರೆಲ್ಲ ಹರಿದಾಗಿದೆ, ಇಳಿಯುವಾಗ ಬೀಸುವ ಗಾಳಿಯಲ್ಲಿ ಉರಿ ತಿಳಿಯುವುದಿಲ್ಲ.

ನಮ್ಮ ಕೆಮ್ಮಣ್ಣಿನ ದೂಳು ಇಲ್ಲೊಂದು ತಕರಾರು ತೆಗೆಯುತ್ತದೆ. ದೂಳು ಕೂತ ಚರ್ಮದ ಮೇಲೆ ಕ್ರೀಮು ತಿಕ್ಕಿದರೆ ಮರಳುಕಾಗದ ಉಜ್ಜಿದ ಹಾಗೆ. ಮೊದಲು ಒದ್ದೆ ಬಟ್ಟೆಯಿಂದ ಒತ್ತಿ ದೂಳು ತೆಗೆಯಿರಿ, ಒಣಬಟ್ಟೆಯಿಂದ ಬೆವರು ಹೀರಿಸಿ, ತಿಕ್ಕಬೇಡಿ. ಆಮೇಲೆ ಮುಖಕ್ಕೆ ಕಡ್ಡಿಯನ್ನು ನಾಲ್ಕು ಸಲ ಎಳೆದು ಬೆರಳಿನ ಹಿಂಬದಿಯಿಂದ ಹರಡಿ. ಅಂಗೈ ಸ್ವಚ್ಛವಾಗಿಯೇ ಉಳಿಯುತ್ತದೆ. ಟ್ಯೂಬನ್ನು ಬ್ಯಾಗಿನ ಹೊರಜೇಬಿನಲ್ಲಿ, ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ. ಕಾದು ಎಣ್ಣೆ–ನೀರು ಬೇರೆಯಾದ ಕ್ರೀಮು ಎಸೆಯಲಷ್ಟೇ ಲಾಯಕ್ಕು.

ನಿಂಬೆ ಸೋಡಾ ಕುಡಿಯಲು ನಿಂತರೆ ನಿಂಬೆಯನ್ನು ನೀವೇ ಹಿಂಡಬೇಡಿ. ನಿಂಬೆರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಒಂದೆರಡು ದಿನದಲ್ಲಿ ಸುಟ್ಟಂತೆ ಬೊಬ್ಬೆ ಎದ್ದು, ಹನಿ ಹರಿದ ಆಕಾರದಲ್ಲೇ ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ. ಹಿಂಡಿದ್ದರೆ ಸೋಪು ಹಾಕಿ ತೊಳೆದುಕೊಂಡು ಹತ್ತಿ.

ಉಣ್ಣೆ ಎಣ್ಣೆಯೂ ಸನ್‌ಸ್ಕ್ರೀನೂ

ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ, ಅದೇ ನಮ್ಮ ಸೈಕಲ್ ಹಂಗಾಮು. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲವಾಗಲಿ, ಅಂಗಡಿಯ ಡೀಟ್ ಆಗಲಿ ಹಚ್ಚುವುದಾದರೆ ಸನ್‌ಸ್ಕ್ರೀನ್ ಮೊದಲು, 20 ನಿಮಿಷ ಬಿಟ್ಟು ಅದರ ಮೇಲೆ ಇದು. ಡೀಟ್ ಸನ್‌ಸ್ಕ್ರೀನಿನ ಶಕ್ತಿ ಕುಂದಿಸುತ್ತದೆ, ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಆದ್ದರಿಂದ ಅದರ ಕೈ ಕನ್ನಡಕ, ಹೆಲ್ಮೆಟ್, ಹ್ಯಾಂಡಲ್ ಗ್ರಿಪ್ಪಿಗೆ ತಾಗಬಾರದು. ಎರಡೂ ಕೂಡಿದ ಒಂದೇ ಕ್ರೀಮು ಕೊಳ್ಳಬೇಡಿ. ಸನ್‌ಸ್ಕ್ರೀನ್ ಗಂಟೆಗೊಮ್ಮೆ ಬೇಕು, ಡೀಟ್ ಅಷ್ಟು ಸಲ ಮೈಗೆ ಬೀಳಬಾರದು. ಕಾಲು ಪೂರ್ತಿ ಮುಚ್ಚಿ ಎಂದದ್ದು ಇದಕ್ಕೇ: ಟೈಟ್ಸ್ ಅಂಚನ್ನು ಸಾಕ್ಸ್ ಒಳಗೆ ಸೇರಿಸಿದರೆ ಬಿಸಿಲು, ಉಣ್ಣೆ ಎರಡಕ್ಕೂ ಒಂದೇ ಬಟ್ಟೆ.

ಔಷಧಿಗಳ ಕಿತಾಪತಿ

ಇಲಿಜ್ವರಕ್ಕೆ, ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ನುಂಗುತ್ತಿರುವಾಗ ಚರ್ಮ ಮಾಮೂಲಿಗಿಂತ ಬೇಗ ಸುಡುತ್ತದೆ. ಮೊಡವೆಯ ಐಸೊಟ್ರೆಟಿನಾಯಿನ್ ಕೂಡ ಹಾಗೆಯೇ. ಸೈಕಲ್ ಹೊಡೆಯುವವರು ಗಮನಿಸಬೇಕಾದ್ದು ಮೊಣಕಾಲು ನೋವಿನ ಜೆಲ್: ಕೀಟೊಪ್ರೊಫೇನ್ ಇರುವ ಜೆಲ್ ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದರೆ ಕೆಟ್ಟ ದದ್ದು ಏಳಬಹುದು, ಹಚ್ಚುವುದು ನಿಲ್ಲಿಸಿದ ಎರಡು ವಾರದವರೆಗೂ ಆ ಜಾಗ ಮುಚ್ಚಿರಬೇಕು.

ಸುಟ್ಟ ಮೇಲೆ

ಉರಿ ಕಾಣಿಸಿಕೊಳ್ಳುವುದು ಬಿಸಿಲು ಬಿದ್ದ ಮೂರ್ನಾಲ್ಕು ಗಂಟೆಯ ನಂತರ, ಏರುವುದು 12ರಿಂದ 24 ಗಂಟೆಯೊಳಗೆ. ಕಂದು ಚರ್ಮದಲ್ಲಿ ಕೆಂಪು ಸ್ಪಷ್ಟವಾಗಿ ಕಾಣದು. ಬಿಸಿ, ಬಿಗಿತ, ಅಂಗಿ ತಾಗಿದರೆ ಚುರುಗುಟ್ಟುವುದು, ಇವೇ ಗುರುತು. ತಣ್ಣೀರಿನ ಬಟ್ಟೆಯನ್ನು ಹದಿನೈದು ನಿಮಿಷ ಇಡಿ, ದಿನಕ್ಕೆ ನಾಲ್ಕೈದು ಸಲ. ಮಂಜುಗಡ್ಡೆ ನೇರವಾಗಿ ಬೇಡ, ಟೂತ್‌ಪೇಸ್ಟ್ ಬೇಡವೇ ಬೇಡ. ಲೋಳೆಸರದ ತಿಳಿಲೋಳೆ ಹಚ್ಚಬಹುದು, ಕತ್ತರಿಸಿದಾಗ ಮೊದಲು ಸೋರುವ ಹಳದಿ ರಸವನ್ನು ತೊಳೆದು ತೆಗೆಯಿರಿ, ಅದು ತುರಿಸುತ್ತದೆ. ಬೊಬ್ಬೆ ಒಡೆಯಬೇಡಿ. ಚೆನ್ನಾಗಿ ನೀರು ಕುಡಿಯಿರಿ. ಬೊಬ್ಬೆ ಅಂಗೈಗಿಂತ ಅಗಲವಾಗಿದ್ದರೆ, ಜ್ವರ, ವಾಂತಿ ಬಂದರೆ ವೈದ್ಯರ ಬಳಿ ಹೋಗಿ. ದಾರಿಯಲ್ಲೇ ಮಾತು ತೊದಲಿ, ದಿಕ್ಕು ತಪ್ಪಿದಂತಾಡಿದರೆ ಅದು ಚರ್ಮದ ವಿಷಯವಲ್ಲ, ಬಿಸಿಲಾಘಾತ: ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ, 108ಕ್ಕೆ ಕರೆ ಮಾಡಿ.

ಉರಿ ಪೂರ್ತಿ ಇಳಿಯುವ ತನಕ ಆ ಜಾಗ ಬಟ್ಟೆಯೊಳಗೇ ಇರಲಿ, ಸುಟ್ಟ ಚರ್ಮಕ್ಕೆ ಕ್ರೀಮು ಹಚ್ಚಿ ಮರುದಿನವೇ ಹೊರಡುವುದು ಬೇಡ. ಕೆನ್ನೆಯಲ್ಲಿ ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ, ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಅವರು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಕೊಂಡು, ಅದರ ಮೇಲೆ ಬಫ್ಫನ್ನು ಕೆನ್ನೆಯವರೆಗೆ ಎಳೆದುಕೊಂಡು ಹೋಗಲಿ.